ಮೋರಖಂಡಿಗೆ ಕರ್ನಲ್ ಬಂದದ್ದು

ಸದ್ದಿನ ವಿಷಯದಲ್ಲಿ ತನಗೆ ತಿಳಿಯದ್ದು ಯಾವುದೂ ಇಲ್ಲ ಎಂದು ಮೋರಖಂಡಿಯ ಪಂಡರಿ ನಂಬಿದ್ದ. ನಂಬಿಕೆಗೆ ಆಧಾರವೂ ಇತ್ತು. ಅವನ ಬಳಿ ಎರಡು ತುತ್ತೂರಿಯಾಕಾರದ ಭೋಂಗಾ, ಒಂದು ಆಂಪ್ಲಿಫಾಯರು, ಹಿಡಿದವರಿಗೆಲ್ಲ ಸಣ್ಣಗೆ ಶಾಕ್ ಕೊಡುವ ಒಂದು ಮೈಕು ಇದ್ದವು. ಬಸವಕಲ್ಯಾಣದ ಆಜೂಬಾಜೂ ಯಾವ ಊರಿನ ಮದುವೆಯಲ್ಲಾದರೂ ಅವನ ಭೋಂಗಾ ಬೇವಿನಮರ ಏರಿತೆಂದರೆ, ಪಕ್ಕದೂರಿನ ಎಮ್ಮೆಗಳು ತಮ್ಮನ್ನೇ ಊಟಕ್ಕೆ ಕರೆದರೇನೋ ಎಂಬಂತೆ ಕಿವಿ ನಿಮಿರಿಸುತ್ತಿದ್ದವು. ಮದುವೆಗಳಿಲ್ಲದ ದಿನ ಅವನು ಕುರಿ ಕಾಯುತ್ತಿದ್ದ. ಅವನ ಜ್ಞಾನದ ಬಗ್ಗೆ ಕುರಿಗಳು ಮಾತ್ರ ಯಾವ ಅಭಿಪ್ರಾಯವನ್ನೂ ಇಟ್ಟುಕೊಂಡಿರಲಿಲ್ಲ.

ಹಾಡುವವಳು ಅವನ ಹೆಂಡತಿ ತುಳಜಾಬಾಯಿ. ಅವಳು ಮಂದಿಯ ಮುಂದೆ ಹಾಡಿದವಳಲ್ಲ, ಗಂಡನ ಮೈಕನ್ನಂತೂ ಹಾವಿನಷ್ಟೇ ದೂರ ಇಟ್ಟಿದ್ದಳು. ಆದರೆ ಕುರಿಗಳ ಹಿಂದೆ ಒಬ್ಬಳೇ ನಡೆಯುವಾಗ ಅವಳು ಪದ ಎತ್ತಿದರೆ, ಅತ್ತ ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕುರುಪಿ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಎಷ್ಟು ಪದ ಬರುತ್ತವೆಂದು ಅವಳಿಗೇ ಗೊತ್ತಿರಲಿಲ್ಲ. ಅವ್ವನಿಂದ ಬಂದವು, ಅತ್ತೆಯಿಂದ ಬಂದವು, ಕೆಲವು ಎಲ್ಲಿಂದಲೋ ತಾವಾಗಿಯೇ ಬಂದವು.

ಆ ವರ್ಷ ಅವಳ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಬೀದರಿನ ದವಾಖಾನೆಯ ಡಾಕ್ಟರು ಒತ್ತಿ ನೋಡಿ, ಫೋಟೊ ತೆಗೆಸಿ, "ಹೆದರೂದೇನಿಲ್ಲ. ಆಪರೇಶನ್ ಮಾಡಿ ತೆಗದ್ರ ಆರಾಮ ಆಗ್ತದ," ಎಂದರು.

ತುಳಜಾಬಾಯಿ ಒಂದೇ ಪ್ರಶ್ನೆ ಕೇಳಿದಳು. "ಆಮ್ಯಾಲ ಹಾಡಾಕ ಬರ್ತದೇನ್ರಿ?"

"ಬರದೇನು? ಒಮ್ಮೊಮ್ಮೆ ದನಿ ಜರಾ ದಪ್ಪ ಆಗ್ತದ. ಕೆಲವರಿಗಿ ಹಂಗೇ ಉಳೀತದ. ಅದರ ಫಿಕರ್ ಮಾಡಬ್ಯಾಡ್ರಿ."

ಅವಳು ಫಿಕರ್ ಮಾಡಲಿಲ್ಲ. ಸೆರಗು ಹೊದ್ದು ಎದ್ದಳು. ಫಿಕರೆಲ್ಲ ಪಕ್ಕದಲ್ಲಿ ಕೂತಿದ್ದ ಪಂಡರಿಯ ಹೆಗಲೇರಿತು. ಬೀದರಿನಿಂದ ಬಸವಕಲ್ಯಾಣದವರೆಗೆ ಅವನು ಬಸ್ಸಿನ ಕಿಟಕಿಯ ಸರಳನ್ನು ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಇಳಿದ ಮೇಲೆ ನಿಲ್ದಾಣದ ನಡುವೆ ನಿಂತು, ಸುತ್ತಲಿನವರಿಗೂ ಕೇಳುವಂತೆ ಘೋಷಿಸಿದ: "ಮನ್ಯಾಗ ಸ್ಟುಡಿಯೋ ಮಾಡ್ತೀನಿ. ಆಪರೇಶನ್ ಆಗೂದ್ರಾಗ ನಿನ್ನ ಎಲ್ಲಾ ಹಾಡು ಹಿಡದ ಇಡ್ತೀನಿ."

"ಮೊದಲ ಕುರಿಹಟ್ಟಿ ಬೇಲಿ ಮಾಡ್ರಿ," ಎಂದಳು ತುಳಜಾಬಾಯಿ.

ಬೇಲಿ ಹಾಗೇ ಉಳಿಯಿತು. ಪಂಡರಿ ಮೊದಲು ತನ್ನ ಫೋನನ್ನೇ ಕಲ್ಲಿನ ಮೇಲಿಟ್ಟು, ಹೆಂಡತಿ ಕುರಿ ಹಿಂದೆ ಹಾಡುವಾಗ ಕದ್ದು ರೆಕಾರ್ಡ್ ಮಾಡಿದ. ಹಚ್ಚಿ ಕೇಳಿದರೆ ಅದರಲ್ಲಿ ಗಾಳಿ ಇತ್ತು, ಟಗರಿನ ಕೆಮ್ಮು ಇತ್ತು, ಪಂಡರಿಯ ಸ್ವಂತದ "ವ್ಹಾ ವ್ಹಾ" ಸ್ಪಷ್ಟವಾಗಿತ್ತು. ತುಳಜಾಬಾಯಿಯ ದನಿ ಮಾತ್ರ ಡಬ್ಬಿಯೊಳಗೆ ಸಿಕ್ಕ ನೊಣದಂತೆ ಎಲ್ಲೋ ಗುಂಯ್‌ಗುಟ್ಟುತ್ತಿತ್ತು.

ಆಗ ಅವನಿಗೆ ಸುಮೇಧಾ ಮೇಡಂ ನೆನಪಾದರು. ನಾರಾಯಣಪುರದ ಹೆಣ್ಣುಮಗಳು, ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಕಲಿಸುವವರು. ತಮ್ಮೂರಿನ ಬುದ್ಧವಿಹಾರಕ್ಕೆ ಹಾಡು ಕಟ್ಟಿ, ಮನೆಯ ಕಂಪ್ಯೂಟರಿನಲ್ಲೇ ಅದಕ್ಕೆ ವಾದ್ಯ ಸೇರಿಸಿ, ಮಂದಿ ದಂಗಾಗುವಂತೆ ಕೇಳಿಸಿದವರು. ಅವತ್ತು ಭೋಂಗಾ ಕಟ್ಟಿದ್ದು ಪಂಡರಿಯೇ. ಆದ್ದರಿಂದ ಆ ಯಶಸ್ಸಿನಲ್ಲಿ ಅರ್ಧ ತನ್ನದೆಂದು ಅವನು ಲೆಕ್ಕ ಹಿಡಿದಿದ್ದ.

ಸುಮೇಧಾ ಎಲ್ಲ ಕೇಳಿಸಿಕೊಂಡರು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಲಿನಕ್ಸ್ ಇರಲಿ ಎಂದರು. "ಅದು ಪುಕಟ್ ಸಿಗ್ತದ್ರಿ. ಜಗತ್ತಿನ ಎಲ್ಲಾ ದೇಶದ ಮಂದಿ ಕೂಡಿ ಮಾಡ್ಯಾರ. ಆದರ ಸಾಮಾನು ಆರಿಸೂದ್ರಾಗ ಎಡವಬ್ಯಾಡ್ರಿ. ಬಣ್ಣದ ದೀಪ ಇರೋ ಮಶೀನು ಬ್ಯಾಡ. ಯಾವುದರ ಆಫೀಸಿನ್ಯಾಗ ದುಡದ ಹಳೇದು ಸಾಕು, ಆದರ ಫ್ಯಾನಿನ ಸದ್ದು ಇರಬಾರದು. ಮೈಕು ಮತ್ತ ಕಂಪ್ಯೂಟರ್ ನಡುವ ಒಂದು ಡಬ್ಬಿ ಬೇಕು, ಇಂಟರ್‌ಫೇಸ್ ಅಂತಾರ. ಅದು ಡ್ರೈವರ್ ಅಂತ ಬ್ಯಾರೆ ಸಾಫ್ಟ್‌ವೇರ್ ಕೇಳದಂಥಾದ್ದು ಇರಲಿ. ಮೈಕು ಸಾದಾದ್ದು ತೊಗೋರಿ. ಬಹಳ ಸೂಕ್ಷ್ಮ ಮೈಕು ಹಳ್ಳ್ಯಾಗ ಉಪಯೋಗಿಲ್ಲ. ಎಲ್ಲಾ ಸದ್ದೂ ಹಿಡೀತದ."

"ಸದ್ದಿನ ಮಾತು ನನಗ ಬಿಡ್ರಿ ಮೇಡಂ," ಎಂದ ಪಂಡರಿ.

ಹುಮನಾಬಾದಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಬ್ದುಲ್ ಕರೀಂನ ಹಳೆಯ ಕಂಪ್ಯೂಟರುಗಳ ಅಂಗಡಿ. ಗಿರಾಕಿಯ ಹೆಗಲ ಮೇಲಿನ ಕಂಬಳಿಯನ್ನು ಕರೀಂ ಒಮ್ಮೆ ನೋಡಿದ.

"ಬರ್ರಿ, ತಶರೀಫ್ ಇಡ್ರಿ. ಕಂಪ್ಯೂಟರ್ ಎದಕ್ಕ ಬೇಕ್ರಿ? ಗೇಮಿಗಾ, ಬಿಲ್ಲಿಗಾ?"

"ಹೆಂಡತಿ ಹಾಡು ಹಿಡ್ಯಾಕ."

"ವ್ಹಾ! ಹಂಗಾದ್ರ ಬಾದಶಾ ಮಶೀನೇ ಬೇಕು," ಎಂದು ಕರೀಂ ಒಂದು ಗುಂಡಿ ಒತ್ತಿದ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿ ದೀಪಗಳು ಸುತ್ತತೊಡಗಿದವು. ಪಂಡರಿಯ ಕಾಲು ನಿಂತಲ್ಲೇ ನೆಟ್ಟವು. ಮದುವೆಯ ಮಂಟಪವನ್ನೇ ಯಾರೋ ಡಬ್ಬಿಯಲ್ಲಿ ತುಂಬಿದಂತಿತ್ತು. ಅಂಥದ್ದನ್ನು ಪಡಸಾಲೆಯಲ್ಲಿಟ್ಟರೆ ಮೋರಖಂಡಿಯಲ್ಲಿ ತನ್ನ ಸ್ಥಾನ ಏನಾದೀತೆಂಬ ಚಿತ್ರ ಕಣ್ಣ ಮುಂದೆ ಹಾದುಹೋಯಿತು. ಆದರೆ ಕುರಿ ಕೊಳ್ಳುವಾಗ ಅವನು ಉಣ್ಣೆ ನೋಡಿ ಮೋಸ ಹೋದವನಲ್ಲ. ಮೊಣಕಾಲೂರಿ ಕೂತು, ಪೆಟ್ಟಿಗೆಯ ಪಕ್ಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದ.

"ಇದಕ್ಕ ದಮ್ಮು ಅದ," ಎಂದು ತೀರ್ಪು ಕೊಟ್ಟ. "ಉಸರಾಡಿದ್ರ ರಾಶಿ ಮಶೀನು ನಡದಂಗ ಆಗ್ತದ. ಮುಂದಿಂದು ಹಚ್ಚರಿ."

ಕರೀಂ ಮುಂದಿನದನ್ನು ಹಚ್ಚಿದ. ಪಂಡರಿ ಅದಕ್ಕೂ ಕಿವಿ ಕೊಟ್ಟ, ಅಂಗೈಯಿಂದ ಬೆನ್ನು ಸವರಿದ, ಹಿಂದಿನಿಂದ ಬರುವ ಗಾಳಿ ಬಿಸಿಯೋ ತಂಪೋ ಎಂದು ಕೆನ್ನೆಯಿಟ್ಟು ನೋಡಿದ. ಇನ್ನೊಂದರ ಎದುರು ಕೂತು ದನಿ ತೆಗೆದು ಹಾಡಿಯೇ ಬಿಟ್ಟ. ಗಲ್ಲಿಯ ಮಂದಿ ಅಂಗಡಿಯ ಬಾಗಿಲಿಗೆ ಕೂಡಿದರು.

"ಏನ್ ನಡದದ ಅಲ್ಲಿ?"

"ಹೊಸಾ ಡಾಕ್ಟರ್ ಬಂದಾರ. ಕಂಪ್ಯೂಟರಿಂದು ಎದಿಬಡತ ನೋಡಾಕತ್ತಾರ."

ಹಿರಿಯರೊಬ್ಬರು ಮನೆಗೆ ಓಡಿಹೋಗಿ ತಮ್ಮ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದರು. "ಸಾಬ್, ಇದರದೂ ಜರಾ ನೋಡ್ರಿ. ಬೆಳಿಗ್ಗೆ ಎಬ್ಬಿಸಿದ್ರ ಏಳೂದೇ ಇಲ್ಲ."

ಪಂಡರಿ ಅವರನ್ನು ನಿರಾಶೆಗೊಳಿಸಲಿಲ್ಲ. ಕಿವಿಯಿಟ್ಟು ಕೇಳಿ, "ಒಳಗ ಧೂಳು ತುಂಬ್ಯದ್ರಿ. ಬಿಚ್ಚಿ ಊದಸ್ರಿ," ಎಂದ. ಅದು ನಿಜವೂ ಆಗಿತ್ತು. ಕರೀಂ ಬಿಚ್ಚಿದಾಗ ಒಂದು ಹಿಡಿ ಧೂಳು ಬಿತ್ತು, ಯಂತ್ರ ಎದ್ದಿತು. ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಕೆಳಗಿದ್ದ, ಕಪ್ಪಗೆ ಕುಳ್ಳಗಿನ, ಯಾವ ಚೆಂದವೂ ಇಲ್ಲದ ಒಂದು ಪೆಟ್ಟಿಗೆಗೆ ಅವನು ಕಿವಿ ಹಚ್ಚಿದ. ಬಹಳ ಹೊತ್ತು ಹಚ್ಚಿದ. "ಇದು ಚಾಲೂ ಅದನೋ ಬಂದ್ ಅದನೋ?"

"ಚಾಲೂ ಅದ."

"ಇದೇ ನಂದು," ಎಂದ ಪಂಡರಿ.

ಕರೀಂ ಎದೆಯ ಮೇಲೆ ಕೈಯಿಟ್ಟುಕೊಂಡ. "ಕಸಮ್ ಸೇ ಹೇಳ್ತೀನಿ, ಎಲ್ಲಾರೂ ದೀಪ ನೋಡಿ ಒಯ್ತಾರ. ಕಿವಿಲಿಂದ ಕಂಪ್ಯೂಟರ್ ಆರಿಸಿದ ಮನಷ್ಯಾನ್ನ ಇವತ್ತೇ ನೋಡಿದೆ. ಬರೋಬ್ಬರಿ ಮಾಲು ಹಿಡದೀರಿ. ಬ್ಯಾಂಕಿನ್ಯಾಗ ಇದ್ದದ್ದು, ಗಟ್ಟಿ ಜೀವ." ಆ ಗೌರವಕ್ಕೆ ಅವನು ಅದರ ಮೆಮೊರಿ ಹೆಚ್ಚಿಸಿ, ತಿರುಗುವ ಹಳೆಯ ಡಿಸ್ಕು ತೆಗೆದು ಸದ್ದಿಲ್ಲದ ಹೊಸದನ್ನು ಹಾಕಿ, ತನ್ನಲ್ಲಿದ್ದ ಯಾವುದೋ ಹಳೆಯ ಕಾಲದ ಲಿನಕ್ಸನ್ನೂ ತುಂಬಿಕೊಟ್ಟ. ಬೆಲ್ಲದಚ್ಚಿನಷ್ಟಿದ್ದ ಇಂಟರ್‌ಫೇಸ್ ಡಬ್ಬಿಯೂ ಸಿಕ್ಕಿತು, ಕಿವಿ ಪೂರಾ ಮುಚ್ಚುವ ಹೆಡ್‌ಫೋನೂ ಸಿಕ್ಕಿತು. ಎಲ್ಲವೂ ಸುಮೇಧಾ ಹೇಳಿದಂತೆಯೇ ನಡೆದಿತ್ತು. ಆದರೆ ಕರೀಂ ಬಾಯಿತಪ್ಪಿ, "ಇನ್ನೊಂದು ಮೈಕ್ ಅದ, ಇರವಿ ಸೀನಿದ್ರೂ ಕೇಳ್ತದ," ಎಂದುಬಿಟ್ಟ.

ಸದ್ದು ಬಲ್ಲ ಮನುಷ್ಯ ಇರುವೆಯ ಸೀನನ್ನು ಬಿಟ್ಟು ಬರುವುದುಂಟೇ? ಪಂಡರಿ ಅದನ್ನೇ ತಂದ.

ಮನೆಗೆ ಬಂದು ಪಡಸಾಲೆಯ ಮೂಲೆಯಲ್ಲಿ ಎಲ್ಲವನ್ನೂ ಜೋಡಿಸಿದ. ಗಂಡ ಇಷ್ಟೆಲ್ಲ ಹೊತ್ತು ಬೆವರಿದ್ದನ್ನು ನೋಡಿ ತುಳಜಾಬಾಯಿ ಮೈಕಿನ ಭಯ ಬದಿಗಿಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂತಳು. ಒಂದು ಸಾಲು ಹಾಡಿ ನಿಂತಳು. ಮತ್ತೊಂದು ಸಾಲು ಎತ್ತಿ ಮತ್ತೆ ನಿಂತಳು.

"ಯಾಕ ನಿಂದರಾಕತ್ತಿ?"

"ನನ್ನ ಹಿಂದ ಯಾರೋ ಹೆಣ್ಮಗಳು ಹಾಡಾಕತ್ತಾಳ್ರಿ. ಪಾಪ, ಆಕಿದು ಮುಗೀಲಿ."

"ಆಕಿ ಬ್ಯಾರೆ ಯಾರೂ ಅಲ್ಲ, ನೀನೇ!"

"ನಾ ಅಷ್ಟು ಮಂದ ಹಾಡ್ತೀನೇನು?" ಎಂದು ತುಳಜಾಬಾಯಿ ಹೆಡ್‌ಫೋನ್ ಕಿತ್ತಿಟ್ಟು ಒಲೆಯ ಕಡೆ ಹೋದಳು.

ಪಂಡರಿ ಫೋನ್ ಹಿಡಿದು ಹೊರಗೆ ಓಡಿದ. ಮೋರಖಂಡಿಯಲ್ಲಿ ನೆಟ್‌ವರ್ಕು ನೆಟ್ಟಗೆ ಸಿಗುವುದು ಗ್ರಾಮ ಪಂಚಾಯತಿಯ ಮೆಟ್ಟಿಲ ಮೇಲೆ ಮಾತ್ರ, ಅದೂ ಚೀರಿದರೆ. ಆ ಮೆಟ್ಟಿಲ ಮೇಲೆ ಹಗಲೆಲ್ಲ ದೇವಿಂದ್ರಪ್ಪ ಕೂತಿರುತ್ತಿದ್ದ. ಪಂಚಾಯತಿಯ ಅಧ್ಯಕ್ಷೆ ಅವನ ಹೆಂಡತಿ ಅಂಬುಬಾಯಿ. ಅವಳು ಕೆಲಸ ಮಾಡುತ್ತಿದ್ದಳು, ಇವನು ಮಾತಾಡುತ್ತಿದ್ದ. ಊರು ಈ ಹಂಚಿಕೆಯನ್ನು ಒಪ್ಪಿಕೊಂಡಿತ್ತು.

ಫೋನಿನ ಆ ಕಡೆಯಿಂದ ಸುಮೇಧಾ ಹೇಳಿದ್ದು ಇಷ್ಟು: ಲಿನಕ್ಸಿನ ಒಳಗೆ ಕರ್ನಲ್ ಎಂಬ ತಿರುಳಿರುತ್ತದೆ, ಯಂತ್ರದ ಎಲ್ಲ ಭಾಗಗಳಿಗೂ ಆಜ್ಞೆ ಕೊಡುವುದು ಅದೇ. ಕರೀಂ ಹಾಕಿಕೊಟ್ಟ ಕರ್ನಲ್ ಬಹಳ ಹಳೆಯದು. ಅದಕ್ಕೇ ದನಿ ಒಳಗೆ ಹೋಗಿ ಹೊರಗೆ ಬರುವುದು ತಡವಾಗುತ್ತಿದೆ. ಊರಿನ ನೆಟ್ಟಿನಲ್ಲಿ ಹೊಸದನ್ನು ಇಳಿಸಿಕೊಳ್ಳುವುದು ಆಗದ ಮಾತು, ತಾವೇ ಪೆನ್‌ಡ್ರೈವಿನಲ್ಲಿ ತರುವುದಾಗಿ ಒಪ್ಪಿದರು.

ಇದೆಲ್ಲ ಪಂಡರಿಗೆ ಕೇಳಿಸಿತು. ದೇವಿಂದ್ರಪ್ಪನಿಗೆ ಕೇಳಿಸಿದ್ದು ಪಂಡರಿಯ ಚೀರಾಟವಷ್ಟೆ.

"ಹಳೇ ಕರ್ನಲ್ ಕೆಲಸಕ್ಕ ಬರೂದಿಲ್ಲೇನ್ರಿ?... ತೆಗದ ಹಾಕ್ರಿ ಮೇಡಂ! ಹೊಸಾ ಕರ್ನಲ್ಲೇ ಬೇಕು!... ಐತವಾರ? ಮೋರಖಂಡಿಗೇ?... ಡ್ರೈವರ್ ಬ್ಯಾಡ? ಎಲ್ಲಾ ಕರ್ನಲ್‌ದಾಗೇ ಅದ?... ಆತ್ರಿ, ನಮ್ಮನ್ಯಾಗೇ ಕೂಡಸ್ತೀನಿ. ಬಸ್ಸಿಗೇ ಬರ್ರಿ, ನಾ ಸ್ಟ್ಯಾಂಡಿಗಿ ಬರ್ತೀನಿ!"

ದೇವಿಂದ್ರಪ್ಪನ ಬೀಡಿ ಬೆರಳ ನಡುವೆಯೇ ಆರಿತು. ಫೌಜಿನ ಕರ್ನಲ್! ಹಳಬನನ್ನು ತೆಗೆಸಿ ಹೊಸಬನನ್ನು ತರಿಸುವಷ್ಟು ಪ್ರಭಾವ ಕುರಿ ಕಾಯುವ ಪಂಡರಿಗೆ ಯಾವಾಗ ಬಂತು? ಮಧ್ಯಾಹ್ನದೊಳಗೆ ಸುದ್ದಿ ಊರು ತುಂಬಿತು. ಸಂಜೆ ದೇವಿಂದ್ರಪ್ಪ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಪಂಡರಿಯ ಕುರಿಹಟ್ಟಿಗೇ ಬಂದ.

"ಪಂಡರಿ, ಕರ್ನಲ್ ಬರೂದು ಖರೇನು?"

"ಖರೇರಿ. ಐತವಾರ ಬರ್ತದ."

ಹಿರಿಯರೊಬ್ಬರು ಬೆಚ್ಚಿದರು. "ಕರ್ನಲ್ ಸಾಬ್ರಿಗಿ 'ಬರ್ತದ' ಅಂದ್ನಲ್ಲೋ!"

"ಸಲಿಗಿ ಅದ," ಎಂದು ದೇವಿಂದ್ರಪ್ಪ ಪಿಸುಗುಟ್ಟಿದ. "ಸುಮ್ಮನ ಕೇಳ್ರಿ." ಪಂಡರಿಯ ಕಡೆ ತಿರುಗಿ, "ಊಟಕ್ಕೇನು ಇಂತಜಾಮ ಮಾಡೂನು?"

"ಊಟ ಯಾಕ್ರಿ ಅದಕ್ಕ? ಕರೆಂಟ್ ಒಂದು ಹೋಗದಂಗ ನೋಡ್ಕೊಂಡ್ರ ಸಾಕು. ಮತ್ತ ಗಾಳಿ ಆಡಬೇಕು. ಬಿಸಿ ಆಗಬಾರದು."

"ಬಿಸಿ ಆದ್ರ?"

"ಎಲ್ಲಾ ಕೆಲಸ ಬಿಟ್ಟು ನಿಂತಬಿಡ್ತದ್ರಿ."

"ಹೌದ್ರಪ್ಪ, ಫೌಜಿನವರು ಖಡಕ್ ಇರ್ತಾರ," ಎಂದು ಹಿರಿಯರು ತಲೆದೂಗಿದರು.

"ಯಾವ ಕಡಿಯವರು?" ಎಂದು ದೇವಿಂದ್ರಪ್ಪ ಕೇಳಿದ.

"ಒಂದು ದೇಶದ್ದಂತ ಇಲ್ರಿ. ಎಲ್ಲಾ ದೇಶದ ಮಂದಿ ಕೂಡಿ ಇಟ್ಟಾರ. ಯಾರಿಗೂ ಒಂದು ಪೈಸಾ ಕೇಳೂದಿಲ್ಲ. ನಾವು ಏನ್ ಹೇಳಿದ್ರೂ ಕಣ್ಣು ಮುಚ್ಚಿ ತೆಗೂದ್ರಾಗ ಮಾಡ್ತದ. ಅದಕ್ಕೇ ತರಸಾಕತ್ತೇನಿ. ಹಳೇದು ಒಂದು ಮಾತು ಹೇಳಿದ್ರ ಕುಂತು ವಿಚಾರ ಮಾಡ್ತಿತ್ತು."

ಪೈಸೆ ಕೇಳುವುದಿಲ್ಲ, ಹೇಳಿದ ಕೂಡಲೇ ಕೆಲಸ ಮಾಡಿಕೊಡುತ್ತಾರೆ, ಡ್ರೈವರಿಲ್ಲದೆ ಬಸ್ಸಿಗೆ ಬರುತ್ತಾರೆ. ಅಂಥ ಅಧಿಕಾರಿಯನ್ನು ದೇವಿಂದ್ರಪ್ಪ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅವನ ಕಣ್ಣು ತುಂಬಿದವು. ಹಳ್ಳದ ಮೇಲೆ ಸೇತುವೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದು ಊರಿನ ಚಪ್ಪಲಿಗಳು ಸವೆದಿದ್ದವು. ಫೌಜಿನವರು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಸೇತುವೆ ಕಟ್ಟುತ್ತಾರಂತೆ.

"ಪಂಡರಿ, ನೀ ದೊಡ್ಡ ಮನಷ್ಯಾ ಇದ್ದಿ. ನಮಗ ಗೊತ್ತಾಗಲಿಲ್ಲ," ಎಂದು ಅವನ ಕೈ ಹಿಡಿದ. "ನೀ ಬೇಫಿಕರ್ ಇರು. ಸ್ವಾಗತ ಊರಿಂದು."

ಪಂಡರಿ ತನ್ನ ಇನ್ನೊಂದು ಕೈಯನ್ನೂ ಅವನ ಕೈಯ ಮೇಲಿಟ್ಟ. ತುಳಜಾಬಾಯಿಯ ಹಾಡಿನ ಮೇಲೆ ಊರಿಗೆ ಇಷ್ಟು ಪ್ರೀತಿಯಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಐತವಾರ ಮೋರಖಂಡಿಯ ಬಸ್ ನಿಲ್ಲುವ ಜಾಗದಲ್ಲಿ ಕಾಲಿಡಲು ತೆರಪಿರಲಿಲ್ಲ. ಶಾಲೆಯ ಮಕ್ಕಳು ಬಾವುಟ ಹಿಡಿದಿದ್ದರು. ಹಲಗೆಯವರು ಬಾರಿಸಲು ಹಲಗೆ ಕಾಯಿಸಿಕೊಂಡು ನಿಂತಿದ್ದರು. ಬಂದೋಬಸ್ತಿಗೆ ಒಬ್ಬ ಪೊಲೀಸ್ ಪೇದೆಯೂ ಬಂದಿದ್ದ. ದೇವಿಂದ್ರಪ್ಪ ತಲೆಗೆ ಗುಲಾಲು ಬಣ್ಣದ ಪಟಕಾ ಸುತ್ತಿ, ತೊಡೆ ದಪ್ಪದ ಹೂಮಾಲೆ ಹಿಡಿದಿದ್ದ. ಪಂಡರಿ ಗುಂಪಿನ ಹಿಂದೆ ಸಿಕ್ಕಿಕೊಂಡು, ಒಂದು ಪೆನ್‌ಡ್ರೈವಿಗೆ ಇಷ್ಟು ಮರ್ಯಾದೆ ಕೊಡುವ ಊರು ಇನ್ನೊಂದಿರಲಾರದೆಂದು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಬಸ್ಸು ಬಂತು. ಮೊದಲು ಇಳಿದವನು ಎತ್ತರದ ಆಳು, ಖಾಕಿ ಪ್ಯಾಂಟು, ಕಪ್ಪು ಕನ್ನಡಕ, ಎರಡೂ ತುದಿ ಆಕಾಶ ನೋಡುವ ಮೀಸೆ. ಲಾತೂರಿನ ಕಡೆಯ ಸೋಯಾಬೀನ್ ಬೀಜದ ಏಜೆಂಟನಾತ, ಮೋರಖಂಡಿಗೆ ಮೊದಲ ಸಲ ಬಂದಿದ್ದ. ಹಲಗೆಗೆ ಪೆಟ್ಟು ಬಿತ್ತು. ಪೇದೆ ಹಿಮ್ಮಡಿ ಕೂಡಿಸಿ ಸಲಾಮು ಹೊಡೆದ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಮೀಸೆಯವನ ಕೊರಳಿಗೆ ಮಾಲೆ ಬಿದ್ದಿತ್ತು.

"ಕರ್ನಲ್ ಸಾಬ್ರಿಗಿ ಜಯವಾಗಲಿ!"

ಮೀಸೆಯವನಿಗೆ ಆಶ್ಚರ್ಯವಾಯಿತು, ಆದರೆ ಬೇಸರವಾಗಲಿಲ್ಲ. ತನ್ನ ಕಂಪನಿಯ ಬೀಜಕ್ಕೆ ಇಷ್ಟು ಹೆಸರಾಗಿದೆ ಎಂದುಕೊಂಡು ಎರಡೂ ಕೈ ಎತ್ತಿ, "ಆಭಾರಿ ಆಹೆ! ತುಮಚಾ ಫಾರ್ ಆಭಾರಿ ಆಹೆ!" ಎಂದು ಮರಾಠಿಯಲ್ಲಿ ಉಪಕಾರ ನೆನೆದ.

"ಸಾಬ್ರು ಮರಾಠಾ ಪಲಟಣದವರು!" ಎಂದು ಯಾರೋ ಕೂಗಿದರು. ಚಪ್ಪಾಳೆ ಮುಗಿಲು ಮುಟ್ಟಿತು.

ದೇವಿಂದ್ರಪ್ಪ ಹೊತ್ತು ಕಳೆಯದೆ ಬೇಡಿಕೆ ಮುಂದಿಟ್ಟ. "ಸಾಬ್, ಹಳ್ಳಕ್ಕ ಒಂದು ಸೇತುವಿ ಬೇಕ್ರಿ. ಮಳಿಗಾಲದಾಗ ಬಹಳ ತ್ರಾಸ ಆಗಾಕತ್ತದ."

ಮೀಸೆಯವನಿಗೆ ಕನ್ನಡದಲ್ಲಿ ಮಳೆಗಾಲ ಎಂಬ ಮಾತೊಂದು ಅರ್ಥವಾಯಿತು. ಬಿತ್ತನೆಯ ಮಾತೆಂದು ತಿಳಿದು, "ದೇಊ, ದೇಊ! ದೋನ ಪಿಶವ್ಯಾ ಫ್ರೀ!" ಎಂದ.

"ಎರಡು ಚೀಲ ಪುಕಟ್ ಕೊಡ್ತಾರಂತ."

"ಎದರ ಚೀಲ?"

"ಸಿಮೆಂಟಿಂದೇ ಇರಬೇಕು. ಸೇತುವಿಗಿ ಮತ್ತೇನ್ ಹಾಕ್ತಾರ?"

"ಎರಡು ಚೀಲಕ್ಕ ಸೇತುವಿ ಆಗ್ತದೇನೋ?"

"ಫೌಜಿನ ಸಿಮೆಂಟ ಬ್ಯಾರೆ ಇರ್ತದಪ್ಪ," ಎಂದ ದೇವಿಂದ್ರಪ್ಪ.

ಈ ಗದ್ದಲದ ಹಿಂದೆ, ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಸುಮೇಧಾ ಇಳಿದರು. ಪಂಡರಿ ಜನರನ್ನು ಸರಿಸಿಕೊಂಡು ಓಡಿ ಬಂದು, ಇಡೀ ಮೋರಖಂಡಿಗೆ ಕೇಳುವ ತನ್ನ ಸಹಜ ದನಿಯಲ್ಲಿ ಕೇಳಿದ: "ಮೇಡಂ, ಕರ್ನಲ್ ತಂದೀರೇನ್ರಿ?"

"ಇಲ್ಲೇ ಅದ ನೋಡ್ರಿ," ಎಂದು ಸುಮೇಧಾ ಪರ್ಸಿನಿಂದ ಕಿರುಬೆರಳಿನಷ್ಟು ಪೆನ್‌ಡ್ರೈವ್ ತೆಗೆದು ಎತ್ತಿ ತೋರಿಸಿದರು.

ಹಲಗೆ ನಿಂತಿತು. ಊರೆಲ್ಲ ಆ ಪೆನ್‌ಡ್ರೈವನ್ನು ನೋಡಿತು. ಆಮೇಲೆ ಮೀಸೆಯವನನ್ನು ನೋಡಿತು. ಕಡೆಗೆ ಎಲ್ಲ ಕಣ್ಣುಗಳೂ ದೇವಿಂದ್ರಪ್ಪನ ಪಟಕಾದ ಮೇಲೆ ಬಂದು ನಿಂತವು. ಸುಮೇಧಾ ಸಂಗತಿಯನ್ನು ಬಿಡಿಸಿ ಹೇಳಿದರು. ಪೇದೆ, ಯಾರಿಗೂ ಕಾಣದಂತೆ, ತಾನು ಹೊಡೆದ ಸಲಾಮಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ದೇವಿಂದ್ರಪ್ಪನ ಮುಖ ಪಟಕಾದ ಬಣ್ಣಕ್ಕೇ ತಿರುಗಿತು.

"ಪಂಡರೀ! ಊರಿಗೆ ಊರೇ ಕೂಡಿಸಿ ಮಜಾಕ್ ಮಾಡ್ತೀ?"

"ನಾ ಎಲ್ಲಿ ಕೂಡಿಸಿದೆನ್ರಿ? ಹಾಡು ಕೇಳಾಕ ನೀವೇ ಬಂದೀರಿ ಅಂದ್ಕೊಂಡೆ," ಎಂದ ಪಂಡರಿ. ಅವನ ಮೋರೆ ಸಣ್ಣದಾಯಿತು. "ಬುಧವಾರ ಆಕೀದು ಗಂಟಲ ಆಪರೇಶನ್ ಅದ. ದನಿ ಹ್ಯಾಂಗ ಉಳೀತದೋ ಗೊತ್ತಿಲ್ಲ. ಇವತ್ತು ಹಿಡೀಲಿಲ್ಲಂದ್ರ ಮುಗೀತು."

ತೊಗರಿ ಹೊಲದಲ್ಲಿ ಕುರುಪಿ ಕೆಳಗಿಟ್ಟು ಕೇಳಿದ್ದ ಹೆಂಗಸರೆಲ್ಲ ಆ ಗುಂಪಿನಲ್ಲಿದ್ದರು. ಆಪರೇಶನ್ನಿನ ಸುದ್ದಿ ಅವರಿಗೆ ತಿಳಿದಿತ್ತು, ದನಿಯ ಸುದ್ದಿ ತಿಳಿದಿರಲಿಲ್ಲ.

ಸುಮೇಧಾ ಪಂಡರಿಯ ಮನೆಗೆ ಬಂದು ಕರ್ನಲ್ ಬದಲಿಸಿದರು. ಗುಂಪೂ ಹಿಂದೆಯೇ ಬಂದು ಅಂಗಳ ತುಂಬಿತು. ದನಿ ಹೋಗಿ ಬರುವ ತಡ ಸಂಪೂರ್ಣ ನಿಂತಿತು. ಆದರೆ ಮೈಕು ನೋಡಿ ಹಣೆ ಚಚ್ಚಿಕೊಂಡರು. ಹೆಡ್‌ಫೋನಿನಲ್ಲಿ ಹಿಟ್ಟಿನ ಗಿರಣಿ ಇತ್ತು, ಎರಡು ಟ್ರ್ಯಾಕ್ಟರು, ಯಾರದೋ ಮನೆಯ ಕುಕ್ಕರು, ಒಂದು ಹುಂಜ ಇದ್ದವು. ಹೊಸ ಕರ್ನಲ್ ಇವನ್ನೆಲ್ಲ ಒಂದಿಷ್ಟೂ ತಡವಿಲ್ಲದೆ ತಂದು ಮುಟ್ಟಿಸುತ್ತಿತ್ತು.

"ಸಾದಾ ಮೈಕು ಅಂದಿದ್ದೆ ನಾನು. ಇದಕ್ಕ ಪೂರಾ ಊರು ಸುಮ್ಮನಿರಬೇಕಾಗ್ತದ್ರಿ. ಅದು ಹ್ಯಾಂಗ ಸಾಧ್ಯ?"

ಪಂಡರಿ ತಲೆ ತಗ್ಗಿಸಿದ. ಆಗ ಬಾಗಿಲಲ್ಲಿ ನಿಂತಿದ್ದ ಅಂಬುಬಾಯಿ ಸೆರಗು ಸೊಂಟಕ್ಕೆ ಸಿಗಿಸಿದಳು. ಅವಳು ಅಧ್ಯಕ್ಷೆಯಾಗಿ ಜನರೆದುರು ಮಾತಾಡಿದ್ದು ಅದೇ ಮೊದಲು. "ಪರಊರಿನ ಬೀಜದವಗ ಮಾಲಿ ಹಾಕಾಕ ಇಷ್ಟು ಮಂದಿ ಕೂಡೀರಿ. ನಮ್ಮ ಹೆಣ್ಮಗಳ ಸಲುವಾಗಿ ಬಾಯಿ ಮುಚ್ಕೊಂಡು ಕೂಡಾಕ ಬರ್ತದಿಲ್ಲೋ?"

ಮುಂದಿನದನ್ನು ಕಂಡವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಗಿರಣಿ ನಿಂತಿತು. ಟ್ರ್ಯಾಕ್ಟರುಗಳು ಹೊಲದ ನಡುವೆಯೇ ನಿಂತವು. ಎತ್ತುಗಳ ಕೊರಳ ಗಂಟೆಯನ್ನು ಒಡೆಯರು ಮುಷ್ಟಿಯಲ್ಲಿ ಹಿಡಿದು ನಿಂತರು. ಹಲಗೆಯವರು ತಮ್ಮ ಕೈಗಳ ಮೇಲೆ ತಮಗೇ ಭರವಸೆಯಿಲ್ಲದೆ ಅವನ್ನು ತೊಡೆಯ ಕೆಳಗೆ ಇಟ್ಟು ಕೂತರು. ಪೇದೆ ಹುಂಜವನ್ನು ವಶಕ್ಕೆ ತೆಗೆದುಕೊಂಡು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡ. ಮೀಸೆಯವನು ಮಾಲೆ ತೆಗೆಯದೆ ಅಂಗಳದ ಮುಂದಿನ ಸಾಲಿನಲ್ಲಿ ಕೂತು, ಯಾರೂ ಹೇಳದೆಯೇ ತನ್ನ ಫೋನು ಬಂದ್ ಮಾಡಿದ. ದೇವಿಂದ್ರಪ್ಪನಿಗೆ ಮಾತ್ರ ಬಹಳ ಕಷ್ಟವಾಯಿತು. ಅವನು ಪಟಕಾದ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡ.

ತುಳಜಾಬಾಯಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೊರಗೆ ಊರೇ ಕೂತಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಒಂದು ಉಸಿರಿನ ಸದ್ದೂ ಬರಲಿಲ್ಲವಾಗಿ ಅವಳಿಗೆ ಕುರಿಗಳ ಹಿಂದೆ ಒಬ್ಬಳೇ ಇದ್ದಂತಾಯಿತು. ಕಣ್ಣು ಮುಚ್ಚಿ ಎತ್ತಿದಳು:

ಕುರಿಯ ಕಾಯುವ ಅಣ್ಣ ಕರಿಯ ಕಂಬಳಿ ಅಣ್ಣ
ತಿರುಗಿ ನೋಡಿದರ ನಾ ನಗುವೇನ, ಹೊಲದ
ತೊಗರೀಯ ಹೂವೆಲ್ಲ ನಗತಾವ

ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಗೆರೆಗಳು ಎದ್ದವು, ಬಿದ್ದವು. ಸುಮೇಧಾ ಗುಂಡಿಗಳ ಮೇಲಿನ ಕೈ ತೆಗೆದು ಸುಮ್ಮನೆ ಕೂತುಬಿಟ್ಟರು. ಒಂದಾದ ಮೇಲೊಂದು ಪದ ಬಂತು. ತೊಟ್ಟಿಲ ಪದ ಬಂದವು, ಬೀಸುವ ಪದ ಬಂದವು, ತಾನು ಮರೆತಿದ್ದೆನೆಂದು ತುಳಜಾಬಾಯಿ ತಿಳಿದಿದ್ದವೂ ಬಂದವು. ಬಿಸಿಲು ಇಳಿದು ಅಂಗಳದ ಅಂಚು ದಾಟಿತು. ಕೊನೆಯ ಪದ ಮುಗಿದು ಬಹಳ ಹೊತ್ತಾದರೂ ಯಾರೂ ಏಳಲಿಲ್ಲ. ಏಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಕಡೆಗೆ ದೇವಿಂದ್ರಪ್ಪ ಬಾಯಿಂದ ಪಟಕಾ ತೆಗೆದು, ಪಕ್ಕದವನ ಕಿವಿಯಲ್ಲಿ ಗಂಭೀರವಾಗಿ ಹೇಳಿದ: "ಏನರ ಅನ್ರಿ, ಈ ಕರ್ನಲ್ ಕೆಲಸದಾಗ ಹುಷಾರ್ ಇದ್ದಾನ."

ಬುಧವಾರ ಆಪರೇಶನ್ ಸುಸೂತ್ರವಾಗಿ ಆಯಿತು. ಹೆಚ್ಚು ಮಾತಾಡಬೇಡಿ ಎಂದಿದ್ದರು ಡಾಕ್ಟರು. ತುಳಜಾಬಾಯಿ ಮಾತೇ ಆಡಲಿಲ್ಲ. ಮನೆಗೆ ಬಂದ ಮೇಲೂ ಕೈಸನ್ನೆಯಲ್ಲೇ ಸಂಸಾರ ನಡೆಸಿದಳು. ದನಿ ಹೇಗಾಗಿದೆಯೋ ಎಂದು ಪಂಡರಿ ಕೇಳಲಾರ, ಅವಳು ತೋರಿಸಲಾರಳು. ಆ ದಿನಗಳಲ್ಲಿ ಅವನು ಹಿಡಿದಿಟ್ಟ ಹಾಡುಗಳನ್ನು ಒಮ್ಮೆಯೂ ಹಚ್ಚಲಿಲ್ಲ. ಯಾಕೋ ಅವನಿಗೆ ಧೈರ್ಯ ಸಾಲಲಿಲ್ಲ.

ಹೊಲಿಗೆ ಬಿಚ್ಚಿಸಲು ಮತ್ತೆ ಬೀದರಿಗೆ ಹೋದರು. ಡಾಕ್ಟರು ಗಾಯ ನೋಡಿ, "ಛಲೋ ಮಾಯ್ದದ. ಎಲ್ಲಿ, ಒಂದ್ಸಲ 'ಆ' ಅನ್ನರಿ," ಎಂದರು.

ತುಳಜಾಬಾಯಿ ಕಿಟಕಿಯ ಕಡೆ ನೋಡಿದಳು. 'ಆ' ಎನ್ನುವುದರ ಬದಲು ಒಂದು ಪದವನ್ನೇ ಎತ್ತಿದಳು.

ದನಿ ದಪ್ಪವಾಗಿತ್ತು, ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಮೇಲಿನ ಸ್ವರಕ್ಕೆ ಅದು ಮೊದಲಿನಂತೆ ಜಿಗಿಯಲಿಲ್ಲ. ಆದರೆ ಕೆಳಗಿನ ಸ್ವರಗಳಲ್ಲಿ ಮೊದಲಿರದ ಒಂದು ಆಳವಿತ್ತು. ಕರಿಮಣ್ಣಿನಲ್ಲಿ ನೀರು ಇಂಗುವಂತೆ ಅದು ಕೇಳುವವರೊಳಗೆ ಇಳಿಯುತ್ತಿತ್ತು. ನರ್ಸಮ್ಮ ಸ್ಟೀಲಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ವಾರ್ಡಿನ ಬಾಗಿಲಲ್ಲಿ ರೋಗಿಗಳು ಕೂಡಿದರು. ಮುಂದಿನ ಚೀಟಿ ಕೂಗುವುದನ್ನು ಜವಾನ ಮರೆತ. ಡಾಕ್ಟರು ಕೊರಳಿಗಿದ್ದ ಸ್ಟೆತಾಸ್ಕೋಪನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂತರು.

ಪದ ಮುಗಿಯಿತು. ಬಾಯಿ ತೆರೆದು ಕೂತಿದ್ದ ಪಂಡರಿ ಒಮ್ಮೆಲೇ ಎಚ್ಚರಾಗಿ, ಜೇಬು ತಡವಿಕೊಂಡು, ಹಣೆ ಹಣೆ ಬಡಿದುಕೊಂಡ. "ಅಯ್ಯಯ್ಯೋ! ಇದನ್ನ ಹಿಡೀಲಿಲ್ಲಲ್ಲೇ! ಎಲ್ಲಾ ಬಿಟ್ಟು ಇದನ್ನ ಹಿಡೀಬೇಕಾಗಿತ್ತಲ್ಲೇ!"

ತುಳಜಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

"ಯಾಕ ಹಂಗ ಬಡ್ಕೋತೀರಿ? ನಾ ಎಲ್ಲಿಗಿ ಹೋಗ್ತೀನಿ? ಮನಿಗಿ ನಡೀರಿ, ಮತ್ತ ಹಾಡ್ತೀನಿ."